ನಿಮಿಷಕ್ಕೆ ಎಷ್ಟು

ಸೆತ್ತಿಮಿಯೊ ಕೆಮ್ಮಿದರೆ
ಕಪಾಟಿನ ಅಕಾರ್ಡಿಯನ್ನೊಂದು ಸಣ್ಣಗೆ ಹೂಂಗುಡುತ್ತದೆ.
ಸುಳ್ಳಲ್ಲ. ಒಂದು ರೀಡು ಸಡಿಲವಿದ್ದರೆ ಸಾಕು,
ಮನೆಯೊಳಗಿನ ಯಾವ ಸದ್ದಿಗೂ ಓಗೊಡುತ್ತದೆ.
ನಲವತ್ತೊಂದು ವರ್ಷ ಅವನು ತಿದಿ ಅಂಟಿಸಿದ, ನಾನು ಶ್ರುತಿ ಕೂಡಿಸಿದೆ,
ಕಾಸ್ತೆಲ್‌ಫಿದಾರ್ದೊದ ಈ ಇಳಿಜಾರು ಬೀದಿಯಲ್ಲಿ,
ಕಿಟಕಿ ತೆರೆದರೆ ಬೂದು ಬಣ್ಣದ ಆಡ್ರಿಯಾಟಿಕ್.

ಮೊದಲು ಮೂಗು. ಆಮೇಲೆ ಗಂಟಲು.
ನಾಲ್ಕನೆಯ ದಿನ ಎದೆಗಿಳಿಯಿತು.
ಒಣಕೆಮ್ಮು ಹಸಿಯಾಯಿತು, ಕಫ ಹಳದಿಗೆ ತಿರುಗಿತು.
‘ಗಟ್ಟಿ ಮಾತ್ರೆ ಬರೆಸೋಣ ನಡೆ’ ಅಂದ.
ಡಾಕ್ಟರ್ ಓರ್ತೆನ್ಸಿಯಾ ಅವನ ಬೆನ್ನಿಗೆ ಸ್ಟೆತಾಸ್ಕೋಪು ಇಟ್ಟು
ಬಹಳ ಹೊತ್ತು ಆಲಿಸಿದಳು,
ನಾನು ಒಂದೇ ರೀಡಿಗೆ ಕಿವಿಗೊಟ್ಟು ಕೂರುವ ಹಾಗೆ.
‘ಬ್ರಾಂಕೈಟಿಸ್. ವೈರಸ್ಸಿನದು.
ಆಂಟಿಬಯಾಟಿಕ್ ಅಂದರೆ ಇಲ್ಲಿ ಬಾಗಿಲಿಲ್ಲದ ಗೋಡೆಗೆ ಬೀಗದ ಕೈ.
ಹಳದಿ ಕಂಡ ಮಾತ್ರಕ್ಕೆ ಹೆದರಬೇಡಿ.
ಮೂರು ವಾರ ಕೆಮ್ಮುತ್ತಾನೆ. ಕೆಮ್ಮಲಿ.
ಉಸಿರು ಕಟ್ಟಿದರೆ, ಕಫದಲ್ಲಿ ರಕ್ತ ಕಂಡರೆ ಮಾತ್ರ
ನನ್ನ ಸರದಿಗೆ ಕಾಯಬೇಡಿ.’
ಮೂರು ವಾರ! ಅವನು ನನ್ನತ್ತ ನೋಡಿದ,
ತಪ್ಪೆಲ್ಲ ನನ್ನದೇ ಅನ್ನುವ ಹಾಗೆ.

ಅವತ್ತಿನಿಂದ ಮನೆಯ ಆಳ್ವಿಕೆ ನನ್ನದು.
ಸಿಗರೇಟಿನ ಪೊಟ್ಟಣ ಹಿಟ್ಟಿನ ಡಬ್ಬಿಯ ತಳಕ್ಕೆ.
ಮೇಣ, ರಾಳ ಕರಗಿಸುವ ನನ್ನ ಒಲೆಯನ್ನೂ ಆರಿಸಿದೆ,
ಆ ಹೊಗೆಯೂ ಬೇಡ.
ಬಿಸಿನೀರು, ಕೋಳಿಯ ತಿಳಿಸಾರು, ಮತ್ತೆ ಬಿಸಿನೀರು,
ಮಲಗುವ ಮುನ್ನ ಹಾಲಿಗೆ ಕಹಿ ಬೆರೆತ ಚೆಸ್ಟ್‌ನಟ್ ಜೇನು.
(ಕೆಳಮನೆಯ ಕೂಸಿಗೂ ಕೆಮ್ಮು. ವರ್ಷ ತುಂಬಿಲ್ಲ ಅದಕ್ಕೆ,
ಜೇನಿನ ಬಟ್ಟಲು ಮೆಟ್ಟಿಲಿಂದಲೇ ವಾಪಸು ತಂದೆ.)
ತಲೆಗೆ ಎರಡರ ಬದಲು ಮೂರು ದಿಂಬು.
ಹಬೆಯ ಪಾತ್ರೆ ಮೇಜಿನ ಮೇಲೆ, ತೊಡೆಯ ಮೇಲಲ್ಲ:
ತಂಗಿ ಅಸ್ಸುಂತಾಳ ಕಾಲಿನ ಕಲೆ ಇನ್ನೂ ಹೊಳೆಯುತ್ತದೆ.
ಟವೆಲ್ಲಿನ ಗುಡಾರದೊಳಗಿಂದ ಅವನು ಬೈಯುತ್ತಿದ್ದ,
ಬೈಗುಳ ಒದ್ದೆಯಾಗಿ ಹೊರಬರುತ್ತಿತ್ತು.

ಬೈಯುವವರೆಗೆ ಭಯವಿಲ್ಲ.
ಇದು ಡಾಕ್ಟರ್ ಹೇಳಿದ್ದಲ್ಲ, ನಾನು ಕಂಡುಕೊಂಡದ್ದು:
ಒಂದೇ ಉಸಿರಿನಲ್ಲಿ ಎಷ್ಟು ಬೈಗುಳ, ಕೇಳಿಸಿಕೋ.

ಹತ್ತನೆಯ ರಾತ್ರಿ ಅವನು ಬೈಯಲಿಲ್ಲ.
ಇಳಿದಿದ್ದ ಜ್ವರ ಮರಳಿ ಏರಿತ್ತು, ಮೂವತ್ತೊಂಬತ್ತು.
‘ಎಲ್ವಿಯೊ ವಾದ್ಯ ಒಯ್ಯಲು ಬರ್ತಾನೆ, ಅಂಗಿ ಕೊಡು’ ಅಂದ.
ಎಲ್ವಿಯೊ ಸತ್ತು ಆರು ವರ್ಷ.

ದೀಪ ಹಾಕಿದೆ.
ತುಟಿಯ ಅಂಚು ಸೀಸದ ಬಣ್ಣ.
ಎದೆಯ ಮೇಲೆ ಅಂಗೈ ಇಟ್ಟು, ಗಡಿಯಾರ ನೋಡುತ್ತ ಎಣಿಸಿದೆ,
ಇಡೀ ಒಂದು ನಿಮಿಷ.
ಅರ್ಧ ಎಣಿಸಿ ಇಮ್ಮಡಿಸಬಾರದು, ಆಸೆ ಲೆಕ್ಕ ತಪ್ಪಿಸುತ್ತದೆ.
ಮೂವತ್ತೆರಡು.
ಪಕ್ಕೆಲುಬುಗಳ ನಡುವಿನ ತೊಗಲು ಒಳಸೇದುತ್ತಿತ್ತು.
ತಿದಿಯ ಮಡಿಕೆ ಮೂಲೆಯಲ್ಲಿ ಬಿಟ್ಟುಕೊಂಡಾಗ ಹೀಗೆಯೇ,
ಎಳೆದಷ್ಟೂ ಗಾಳಿ ಸಾಲದು, ಸ್ವರ ಏಳದು.
ಅಂಥದ್ದನ್ನು ಹೊತ್ತು ತಂದವರಿಗೆ ಅವನದು ಒಂದೇ ಮಾತು:
ಸೋರುವ ತಿದಿಯನ್ನು ನುಡಿಸಬೇಡ. ಬಿಚ್ಚಲು ಕೊಡು.

ಜೇನಿನ ಕೆಲಸ ಅಲ್ಲಿಗೆ ಮುಗಿಯಿತು.
ಬೆಳಗಾಗಲಿ ಅನ್ನಲಿಲ್ಲ.
ಆಂಬುಲೆನ್ಸಿಗೆ ಫೋನು ಮಾಡಿದೆ, ಕೇಳಿದ್ದಕ್ಕೆಲ್ಲ
ಅಂಕಿಯಲ್ಲೇ ಉತ್ತರ ಕೊಟ್ಟೆ.
‘ಚೆನ್ನಾಗಿ ಎಣಿಸಿದ್ದೀರಿ ಅಮ್ಮ’ ಅಂದಳು ಆ ಕಡೆಯ ಹುಡುಗಿ.
ಆಗ ಮಾತ್ರ ನನ್ನ ಕೈ ನಡುಗಿತು.

ನ್ಯುಮೋನಿಯಾ, ಬಲಗಡೆ, ಕೆಳಗೆ.
ಆಂಕೋನಾದ ಆಸ್ಪತ್ರೆಯಲ್ಲಿ ಒಂಬತ್ತು ದಿನ.
ಅವನು ಕೇಳಿದ್ದ ಗಟ್ಟಿ ಮದ್ದು ಈಗ ಸೂಜಿಯಲ್ಲಿ ಬಂತು;
ಈಗ ಗೋಡೆಗೊಂದು ಬಾಗಿಲಿತ್ತು.

ಮನೆಗೆ ಬಂದಿದ್ದಾನೆ. ಕೆಮ್ಮು ಇದೆ ಇನ್ನೂ.
ಕೆಮ್ಮಲಿ.
ನಿನ್ನೆ ಅವನ ಅಂಗಿಯ ತೋಳಿಗೆ ಬಿಳಿ ಹಿಟ್ಟು,
ಮೊಣಕೈವರೆಗೆ.
ಪೊಟ್ಟಣ ಕಸಕ್ಕೆ ಹೋಗಿ ಎಷ್ಟೋ ದಿನವಾಯಿತು. ಅವನು ಕೇಳಲಿಲ್ಲ,
ನಾನೂ ಹೇಳಲಿಲ್ಲ.
ಅವನಿಗೆ ನಿದ್ದೆ ಹತ್ತಿದ ಮೇಲೆ
ಒಂದು ನಿಮಿಷ ಎಣಿಸುತ್ತೇನೆ.
ಹದಿನೇಳು. ಇವತ್ತು ಹದಿನಾರು.
ಕಪಾಟಿನ ಆ ಸಡಿಲ ರೀಡನ್ನು
ನಾನಿನ್ನೂ ಬಿಗಿ ಮಾಡಿಲ್ಲ.